ಮನೆಯ ಮಕ್ಕಳ ಭಾವಚಿತ್ರ: ಲೆನ್ಸ್ ಬದಲಿಸಿದರೂ ಚಿತ್ರ ಏಕೆ ಸುಧಾರಿಸುತ್ತಿಲ್ಲ?

ಇಬ್ಬರಮ್ಮ

ನನಗೆ ನಾಲ್ಕು ವರ್ಷದ ಮಗಳು ಮತ್ತು ಒಂದೂವರೆ ವರ್ಷದ ಮಗ ಇದ್ದಾರೆ. ಮಗಳು ಹುಟ್ಟಿದಾಗ ಕ್ಯಾಮೆರಾ ಕೊಂಡೆವು. ಅದರ ಜೊತೆಗೆ ಬಂದ ಲೆನ್ಸಿನಿಂದಾಗಿಯೇ ಚಿತ್ರಗಳು ಸಪ್ಪೆಯಾಗುತ್ತಿವೆ ಎಂದು ಭಾವಿಸಿ ಕಳೆದ ತಿಂಗಳು 50 ಮಿ.ಮೀ. ಎಫ್ 1.8 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ ದೊಡ್ಡದು) ತರಿಸಿಕೊಂಡೆ. ಕ್ಯಾಮೆರಾದ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ) ಎಪಿಎಸ್-ಸಿ ಗಾತ್ರದ್ದು, ಅಂದರೆ ಫುಲ್-ಫ್ರೇಮ್‌ಗಿಂತ ಚಿಕ್ಕದು. ಹಿನ್ನೆಲೆ ಈಗ ಚೆನ್ನಾಗಿ ಮಸುಕಾಗುತ್ತದೆ ಎಂಬುದೇನೋ ನಿಜ, ಆದರೆ ಹತ್ತರಲ್ಲಿ ಏಳು ಚಿತ್ರಗಳಲ್ಲಿ ಮಕ್ಕಳೂ ಮಸುಕಾಗಿಯೇ ಇರುತ್ತಾರೆ.

ಸಂಜೆ ಕೋಣೆಯೊಳಗೆ ತೆಗೆದ ಚಿತ್ರಗಳ ವಿವರ ನೋಡಿದರೆ ಶಟರ್ ವೇಗ (ಬೆಳಕು ಒಳಬರುವ ಸಮಯ) 1/40 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್ 1.8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400 ಎಂದಿದೆ. ಐಎಸ್‌ಒ ಹೆಚ್ಚಿಸಿದರೆ ಚಿತ್ರ ಕಾಳುಕಾಳಾಗುತ್ತದೆ ಎಂದು ಎಲ್ಲೋ ಓದಿದ್ದರಿಂದ ಅದನ್ನು 400ರಲ್ಲೇ ಕಟ್ಟಿಹಾಕಿದ್ದೇನೆ. ಬಣ್ಣವೂ ಸರಿಯಿಲ್ಲ, ಮುಖದ ಒಂದು ಬದಿ ಹಳದಿಯಾಗಿದ್ದರೆ ಇನ್ನೊಂದು ಬದಿ ನೀಲಿಯಾಗಿರುತ್ತದೆ. ಇವೆಲ್ಲಕ್ಕಿಂತ ಹೆಚ್ಚಿನ ಬೇಸರ ಬೇರೆಯೇ ಇದೆ. ಕ್ಯಾಮೆರಾ ಎತ್ತಿದ ತಕ್ಷಣ ಮಗಳು ಹಲ್ಲು ಕಿರಿದು, ಕಣ್ಣು ಕಿರಿದಾಗಿಸಿ, ಶಾಲೆಯ ಗುಂಪುಚಿತ್ರಕ್ಕೆ ನಿಂತವಳಂತೆ ನಿಲ್ಲುತ್ತಾಳೆ. ಮಗ ಲೆನ್ಸನ್ನೇ ಹಿಡಿಯಲು ಓಡಿಬರುತ್ತಾನೆ. ಕ್ಯಾಮೆರಾ ಇಲ್ಲದಾಗ ನಾನು ದಿನವಿಡೀ ನೋಡುವ ಆ ಎರಡು ಮುಖಗಳು ಚಿತ್ರದಲ್ಲಿ ಮಾತ್ರ ಬರುವುದೇ ಇಲ್ಲ. ಎಲ್ಲಿಂದ ಆರಂಭಿಸಬೇಕು ಎಂದು ತಿಳಿದವರು ದಯವಿಟ್ಟು ಹೇಳಿ.

ನೆರಳುಬೆಳಕು

ತೊಂದರೆ ಲೆನ್ಸಿನಲ್ಲಿಲ್ಲ, 1/40ರ ಶಟರ್ ವೇಗದಲ್ಲಿದೆ. ಆದರೂ ಅವಸರದಲ್ಲಿ ಅದೊಂದನ್ನೇ ಬದಲಿಸುವ ಮೊದಲು ನಿಮ್ಮ ಹಾಳಾದ ಚಿತ್ರಗಳನ್ನು ದೊಡ್ಡದಾಗಿಸಿ ನೋಡಿ, ಏಕೆಂದರೆ ಮಸುಕಿನಲ್ಲಿ ಮೂರು ಬಗೆಗಳಿವೆ ಮತ್ತು ಒಂದೊಂದಕ್ಕೂ ಮದ್ದು ಬೇರೆ. ಚಿತ್ರದಲ್ಲಿರುವ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅಲುಗಿದ್ದು ನಿಮ್ಮ ಕೈ. ಕುರ್ಚಿ, ಗೋಡೆ ಎಲ್ಲವೂ ಸ್ಪಷ್ಟವಾಗಿದ್ದು ಮಗುವಿನ ಕೈಯೋ ಮುಖವೋ ಮಾತ್ರ ಎಳೆದಂತಿದ್ದರೆ ಅಲುಗಿದ್ದು ಮಗು. ಮಗುವಿನ ಮುಖ ಮೃದುವಾಗಿ ಮಂಜಾಗಿದ್ದು, ಅಂಗಿಯ ಗುಂಡಿಯೋ ಹಿಂದಿನ ದಿಂಬಿನ ಅಂಚೋ ಹರಿತವಾಗಿ ಕಂಡರೆ ಫೋಕಸ್ ತಪ್ಪಿದೆ ಎಂದರ್ಥ. ಲೆನ್ಸಿನಲ್ಲೋ ಕ್ಯಾಮೆರಾದಲ್ಲೋ ಇರುವ ಅಲುಗಾಟ ನಿಯಂತ್ರಣ ಮೊದಲ ಬಗೆಯ ಮಸುಕನ್ನು ಮಾತ್ರ ತಡೆಯುತ್ತದೆ, ಓಡುವ ಮಗುವನ್ನು ಅದು ನಿಲ್ಲಿಸಲಾರದು.

ಕುಳಿತು ಆಡುತ್ತಿರುವ ಮಗುವಿಗೆ ಕನಿಷ್ಠ 1/200 ಸೆಕೆಂಡ್, ಓಡುತ್ತ ಕುಣಿಯುತ್ತ ಇರುವ ಮಗುವಿಗೆ 1/500 ಅಥವಾ ಅದಕ್ಕೂ ವೇಗದ ಶಟರ್ ಇಟ್ಟುಕೊಳ್ಳಿ. ನಿಮ್ಮದೇ ಚಿತ್ರದ ಲೆಕ್ಕ ಹಾಕೋಣ. 1/40ರಿಂದ 1/320ಕ್ಕೆ ಹೋದರೆ ಒಳಬರುವ ಬೆಳಕು ಮೂರು ಬಾರಿ ಅರ್ಧವಾಗುತ್ತದೆ, ಅಂದರೆ ಮೂರು ಸ್ಟಾಪ್ ನಷ್ಟ. ಅದನ್ನು ತುಂಬಲು ಐಎಸ್‌ಒ 400, 800, 1600 ದಾಟಿ 3200ಕ್ಕೆ ಬರಬೇಕು. 3200ರಲ್ಲಿ ನಾಯ್ಸ್, ಅಂದರೆ ನೀವು ಹೇಳಿದ ಕಾಳುಕಾಳು, ಕಾಣಿಸುತ್ತದೆ, ನಿಜ. ಆದರೆ ನಾಯ್ಸ್ ಇರುವ ಚಿತ್ರವನ್ನು ಎಡಿಟಿಂಗ್‌ನಲ್ಲಿ ಬಹುಮಟ್ಟಿಗೆ ತಿಳಿಗೊಳಿಸಬಹುದು, ಮುದ್ರಿಸಿದಾಗ ಅದು ಕಣ್ಣಿಗೆ ಬೀಳುವುದೂ ಕಡಿಮೆ. ಅಲುಗಿದ ಕಣ್ಣನ್ನು ಅಷ್ಟು ಸುಲಭವಾಗಿ ಸರಿಪಡಿಸಲು ಬರುವುದಿಲ್ಲ. ಐಎಸ್‌ಒವನ್ನು ಆಟೋದಲ್ಲಿ ಬಿಟ್ಟು, ಅದರ ಗರಿಷ್ಠ ಮಿತಿ 6400 ಮತ್ತು ಶಟರಿನ ಕನಿಷ್ಠ ಮಿತಿ 1/250 ಎಂದು ಮೆನುವಿನಲ್ಲಿ ಗೊತ್ತುಮಾಡಿದರೆ, ಮಗು ಎದುರಿಗಿರುವಾಗ ಅಂಕಿಗಳ ಕಡೆ ನೋಡುವ ಅಗತ್ಯವೇ ಬೀಳದು. ಫೋಕಸ್ಸನ್ನು ನಿರಂತರ ಬಗೆಗೆ (ಮಗು ಚಲಿಸಿದಂತೆ ಫೋಕಸ್ ಹಿಂಬಾಲಿಸುವ ಬಗೆ) ಹಾಕಿ, ಕಣ್ಣು ಗುರುತಿಸುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಚಾಲೂ ಮಾಡಿ.

ಕಿಟಕಿಪಕ್ಕ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಕತ್ತಲಾದ ಮೇಲೆ ಕೋಣೆಯಲ್ಲಿ ಬೆಳಕನ್ನು ಹುಡುಕುತ್ತ ಐಎಸ್‌ಒ ಏರಿಸುವುದಕ್ಕಿಂತ ಹಗಲು ಕಿಟಕಿಯ ಬಳಿಗೆ ಹೋಗುವುದು ಲೇಸು. ನಿಮ್ಮ ಹಳದಿ-ನೀಲಿ ಮುಖದ ಕಾರಣವೂ ಇಲ್ಲೇ ಇದೆ. ಬೆಚ್ಚನೆಯ ಬಣ್ಣದ ಬಲ್ಬಿನ ಬೆಳಕು ಸುಮಾರು 2,700ರಿಂದ 3,000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ), ಹಗಲಿನ ಬೆಳಕು 5,500ರ ಆಸುಪಾಸು. ಎರಡೂ ಒಂದೇ ಮುಖದ ಮೇಲೆ ಬಿದ್ದಾಗ ಕ್ಯಾಮೆರಾ ಒಂದನ್ನು ಬಿಳಿ ಎಂದು ಒಪ್ಪಿಕೊಂಡರೆ ಇನ್ನೊಂದು ಬಣ್ಣವಾಗಿಯೇ ಉಳಿಯುತ್ತದೆ. ಆದ್ದರಿಂದ ಹಗಲಲ್ಲಿ ಚಿತ್ರ ತೆಗೆಯುವಾಗ ಕೋಣೆಯ ದೀಪಗಳನ್ನು ಆರಿಸಿಬಿಡಿ. ಕೋಣೆ ಮಬ್ಬಾಯಿತೆಂದು ಅನ್ನಿಸಿದರೂ ಮುಖದ ಮೇಲಿನ ಬೆಳಕಿಗೆ ಒಂದು ದಿಕ್ಕು ಬರುತ್ತದೆ.

ಯಾವ ಕಿಟಕಿ ಎಂದರೆ, ನೇರ ಬಿಸಿಲು ಬೀಳದ ಕಿಟಕಿ. ಬಿಸಿಲು ಬೀಳುವುದೊಂದೇ ಇದ್ದರೆ ತೆಳುವಾದ ಬಿಳಿ ಪರದೆ ಎಳೆಯಿರಿ, ಆಗ ಪರದೆಯೇ ಬೆಳಕಿನ ಮೂಲವಾಗುತ್ತದೆ. ನಾನು ತುಂಬ ದಿನ ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕಿಟಕಿಗೆ ಹತ್ತಿರವಾದಷ್ಟೂ ಬೆಳಕು ಹೆಚ್ಚು ಎಂದು ಮಗನನ್ನು ಕಿಟಕಿಯ ಕೆಳಗೆ ನೆಲದ ಮೇಲೆ ಕೂರಿಸುತ್ತಿದ್ದೆ. ಕಿಟಕಿಯ ಕೆಳ ಅಂಚು ಅವನ ತಲೆಗಿಂತ ಮೇಲಿದ್ದುದರಿಂದ ಬೆಳಕು ಅವನ ನೆತ್ತಿಗೆ ಬಿದ್ದು, ಕಣ್ಣುಗಳು ಎರಡು ಕಪ್ಪು ಗುಳಿಗಳಂತೆ ಕಾಣುತ್ತಿದ್ದವು. ಒಂದೋ ಮಗುವನ್ನು ಮಂಚದ ಮೇಲೆ ಕೂರಿಸಿ ಎತ್ತರಿಸಬೇಕು, ಇಲ್ಲವೇ ಕಿಟಕಿಯಿಂದ ಒಂದೆರಡು ಮೀಟರ್ ಹಿಂದಕ್ಕೆ ತಂದು ಬೆಳಕು ಮುಖಕ್ಕೆ ಓರೆಯಾಗಿ ತಾಗುವಂತೆ ಮಾಡಬೇಕು.

ಸರಿಯಾದ ಜಾಗ ಯಾವುದೆಂದು ತಿಳಿಯಲು ಮಗುವನ್ನು ಕರೆಯಬೇಡಿ, ಬೊಂಬೆಯೊಂದನ್ನು ಕೂರಿಸಿ ಅದರ ಸುತ್ತ ಓಡಾಡಿ ನೋಡಿ. ಮೂಗಿನ ನೆರಳು ಎತ್ತ ಬೀಳುತ್ತದೆ, ಎರಡೂ ಕಣ್ಣುಗಳಲ್ಲಿ ಕಿಟಕಿಯ ಪ್ರತಿಬಿಂಬದ ಚುಕ್ಕೆ ಮಿನುಗುತ್ತದೆಯೇ ಎಂಬ ಎರಡನ್ನು ಗಮನಿಸಿದರೆ ಸಾಕು. ಆ ಚುಕ್ಕೆಯಿಲ್ಲದ ಕಣ್ಣು ಚಿತ್ರದಲ್ಲಿ ನಿರ್ಜೀವವಾಗಿ ಕಾಣುತ್ತದೆ. ನೆರಳಿನ ಬದಿ ತೀರಾ ಕಪ್ಪಾದರೆ ಆ ಪಕ್ಕದಲ್ಲಿ ಬಿಳಿ ಹೊದಿಕೆಯನ್ನು ಕುರ್ಚಿಯ ಬೆನ್ನಿಗೆ ಇಳಿಬಿಡಿ, ಅಷ್ಟರಿಂದಲೇ ನೆರಳು ತಿಳಿಯಾಗುತ್ತದೆ. ಇಷ್ಟೆಲ್ಲ ಮುಗಿಸಿ, ಎರಡು ಪರೀಕ್ಷಾ ಚಿತ್ರ ತೆಗೆದು, ಆಮೇಲೆ ಮಗುವನ್ನು ಕರೆಯಿರಿ. ಮಗು ಬಂದ ಮೇಲೆ ಬೆಳಕನ್ನು ಸರಿಮಾಡಲು ಹೊರಟರೆ ಅದರ ತಾಳ್ಮೆಯೆಲ್ಲ ನಿಮ್ಮ ಸಿದ್ಧತೆಯಲ್ಲೇ ಖರ್ಚಾಗಿರುತ್ತದೆ.

ಅವಳಿಗಳಪ್ಪ

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಒಂದೂವರೆ ವರ್ಷದ ಹುಡುಗ ಕಿಟಕಿಯ ಪಕ್ಕ ನೀವು ಗುರುತು ಹಾಕಿದ ಜಾಗದಲ್ಲಿ ಕೂರುತ್ತಾನೆ ಎಂದು ನಂಬಿದವರಿಗೆ ನನ್ನ ನಮಸ್ಕಾರ. ನಾನು ಕ್ಯಾಮೆರಾದ ಮೇಲೆ ಕೂರುವ ಫ್ಲ್ಯಾಶ್ ಒಂದನ್ನು ಕೊಂಡು, ಅದರ ತಲೆಯನ್ನು ಚಾವಣಿಯ ಕಡೆ ತಿರುಗಿಸಿ ಬಳಸುತ್ತೇನೆ. ಬೆಳಕು ಚಾವಣಿಗೆ ಬಡಿದು ಹರಡಿ ಬರುವುದರಿಂದ ಮಕ್ಕಳು ಕೋಣೆಯ ಯಾವ ಮೂಲೆಗೆ ಓಡಿದರೂ ಚಿತ್ರ ಸಿಗುತ್ತದೆ. ನೇರವಾಗಿ ಮುಖಕ್ಕೆ ಹೊಡೆದ ಫ್ಲ್ಯಾಶ್ ಚಪ್ಪಟೆ ಮುಖ, ಕೆಂಪು ಕಣ್ಣು, ಗೋಡೆಯ ಮೇಲೆ ಕಡುನೆರಳು ಇಷ್ಟನ್ನೇ ಕೊಡುತ್ತದೆ, ಅದನ್ನು ಯಾರೂ ಮಾಡಬೇಡಿ. ಚಾವಣಿ ಬಿಳಿಯಾಗಿರಬೇಕು ಎಂಬುದೊಂದು ಷರತ್ತು. ಒಮ್ಮೆ ಪಕ್ಕದ ಗುಲಾಬಿ ಗೋಡೆಗೆ ತಿರುಗಿಸಿ ತೆಗೆದು, ಅವಳಿ ಮಕ್ಕಳಿಬ್ಬರಿಗೂ ಜ್ವರ ಬಂದಂತೆ ಮಾಡಿದ್ದೇನೆ.

ಕಿಟಕಿಪಕ್ಕ

@ಅವಳಿಗಳಪ್ಪ, ಚಾವಣಿಯ ಫ್ಲ್ಯಾಶ್ ಬಗ್ಗೆ ನನ್ನ ತಕರಾರಿಲ್ಲ, ಮಳೆಗಾಲದ ಮಧ್ಯಾಹ್ನ ನಾನೂ ಅದನ್ನೇ ಮೊರೆಹೋಗುತ್ತೇನೆ. ಆದರೆ ಮಗುವನ್ನು ಕಿಟಕಿಯ ಬಳಿ ಕೂರಿಸಿ ಎಂದು ನಾನು ಹೇಳಿದ್ದಲ್ಲ, ಮಗುವಿನ ಆಟವನ್ನು ಅಲ್ಲಿಗೆ ತನ್ನಿ ಎಂದು ನನ್ನ ಮಾತು. ಮರದ ತುಂಡುಗಳ ಬುಟ್ಟಿಯನ್ನು ಹಿಂದಿನ ರಾತ್ರಿಯೇ ಅಲ್ಲಿಗೆ ಸರಿಸಿಟ್ಟರೆ ಬೆಳಿಗ್ಗೆ ಮಗು ತಾನಾಗಿಯೇ ಅಲ್ಲಿ ಕೂತಿರುತ್ತದೆ. ಹತ್ತು ನಿಮಿಷ ಕೂತರೂ ನಮಗೆ ಧಾರಾಳ.

ಇಬ್ಬರಮ್ಮ

ಹಾಳಾದ ಚಿತ್ರಗಳನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಹೆಚ್ಚಿನವು ಮಗು ಅಲುಗಿದ್ದರಿಂದ ಆದವು. ಆದರೆ ಹೊರಗೆ ಹಗಲಿನಲ್ಲಿ ತೆಗೆದವುಗಳಲ್ಲಿ ಒಂದು ಕಣ್ಣು ಸ್ಪಷ್ಟವಾಗಿದ್ದು ಇನ್ನೊಂದು ಕಣ್ಣು ಮಂಜಾಗಿದೆ. ಎಫ್ 1.8 ಲೆನ್ಸನ್ನು ಎಫ್ 1.8ರಲ್ಲಿ ಬಳಸದಿದ್ದರೆ ಕೊಂಡು ಪ್ರಯೋಜನವೇನು ಎಂಬ ಹಟ ನನ್ನದು. ಅದೇ ತಪ್ಪೇ?

ನೆರಳುಬೆಳಕು

ಆ ಹಟ ನಮ್ಮೆಲ್ಲರಿಗೂ ಮೊದಲ ಒಂದು ವರ್ಷ ಇತ್ತು. ನಿಮ್ಮ ಕ್ಯಾಮೆರಾ ಮತ್ತು ಲೆನ್ಸಿನ ಜೋಡಿಯಲ್ಲಿ ಒಂದು ಮೀಟರ್ ದೂರದಿಂದ ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ವಲಯದ ಆಳ ಹೆಚ್ಚೆಂದರೆ 3 ಸೆಂ.ಮೀ. ಮಗು ತಲೆಯನ್ನು ತುಸು ಓರೆ ಮಾಡಿದರೂ ದೂರದ ಕಣ್ಣು ಆ ವಲಯದಿಂದ ಆಚೆ ಬೀಳುತ್ತದೆ. ಅದೇ ದೂರದಲ್ಲಿ ಎಫ್ 4ಕ್ಕೆ ಬಂದರೆ ಆಳ ಸುಮಾರು 6 ಸೆಂ.ಮೀ. ಆಗುತ್ತದೆ. ದೂರವನ್ನು ಎರಡು ಮೀಟರಿಗೆ ಹೆಚ್ಚಿಸಿದರೆ ಎಫ್ 1.8ರಲ್ಲೇ ಸುಮಾರು 11 ಸೆಂ.ಮೀ. ಸಿಗುತ್ತದೆ, ಏಕೆಂದರೆ ಈ ಆಳ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ (ದೂರ ಎರಡು ಪಟ್ಟಾದರೆ ಆಳ ನಾಲ್ಕು ಪಟ್ಟು). ಇಬ್ಬರೂ ಒಂದೇ ಚಿತ್ರದಲ್ಲಿದ್ದರೆ ಎಫ್ 4 ಅಥವಾ 5.6ಕ್ಕಿಂತ ಕೆಳಗೆ ಇಳಿಯಬೇಡಿ. ಹಿನ್ನೆಲೆ ಮಸುಕಾಗಿಯೇ ಇರಬೇಕೆಂದಾದರೆ ಮಗುವನ್ನು ಗೋಡೆಯಿಂದ ಎರಡು ಮೂರು ಮೀಟರ್ ಮುಂದಕ್ಕೆ ತನ್ನಿ.

ದೂರ ಸರಿಯುವುದರಿಂದ ಇನ್ನೊಂದು ಲಾಭವಿದೆ. ಮುಖದ ಆಕಾರವನ್ನು ತಿರುಚುವುದು ದೂರವೇ ಹೊರತು ಲೆನ್ಸ್ ಅಲ್ಲ. ಅರ್ಧ ಮೀಟರಿನಿಂದ ತೆಗೆದರೆ ಮೂಗು ಕಣ್ಣಿಗಿಂತ ಗಣನೀಯವಾಗಿ ಹತ್ತಿರವಿರುವುದರಿಂದ ದೊಡ್ಡದಾಗಿ ಕಾಣುತ್ತದೆ, ಕಿವಿಗಳು ಹಿಂದೆ ಸರಿದು ಮಾಯವಾಗುತ್ತವೆ. ಒಂದೂವರೆ ಎರಡು ಮೀಟರಿನಿಂದ ಮುಖ ನಮಗೆ ಪರಿಚಿತವಾದ ಅಳತೆಯಲ್ಲಿ ಬರುತ್ತದೆ. ಅಷ್ಟು ದೂರದಲ್ಲಿದ್ದರೆ ನಿಮ್ಮ ಮಗ ಲೆನ್ಸಿಗೆ ಕೈ ಹಾಕುವಷ್ಟರಲ್ಲಿ ನಿಮಗೆ ನಾಲ್ಕು ಚಿತ್ರಗಳಾದರೂ ಸಿಕ್ಕಿರುತ್ತವೆ! ಮತ್ತೆ, ನಿಂತು ತೆಗೆಯಬೇಡಿ. ಮೇಲಿನಿಂದ ತೆಗೆದ ಚಿತ್ರದಲ್ಲಿ ದೊಡ್ಡ ತಲೆ, ಚಿಕ್ಕ ಕಾಲು, ಹಿನ್ನೆಲೆಯಾಗಿ ನೆಲ ಮಾತ್ರ ಇರುತ್ತದೆ. ಮೊಣಕಾಲೂರಿ, ಬೇಕಾದರೆ ಹೊಟ್ಟೆಯ ಮೇಲೆ ಮಲಗಿ, ಲೆನ್ಸ್ ಮಗುವಿನ ಕಣ್ಣಿನ ಮಟ್ಟಕ್ಕೆ ಬರಲಿ.

ಫೋನ್ಮಾತ್ರ

ಕ್ಯಾಮೆರಾ ಇಲ್ಲದವರೂ ಇಲ್ಲಿ ಓದುತ್ತಿದ್ದೇವೆ ಎಂಬುದನ್ನು ನೆನಪಿಸಲು ಬರೆಯುತ್ತಿದ್ದೇನೆ. ನನ್ನ ಬಳಿ ಇರುವುದು ಫೋನ್ ಒಂದೇ. ಮೇಲಿನವುಗಳಲ್ಲಿ ಎಷ್ಟು ನನಗೆ ಅನ್ವಯಿಸುತ್ತದೆ?

ಕಿಟಕಿಪಕ್ಕ

ಬೆಳಕು, ದೂರ, ಕಣ್ಣಿನ ಮಟ್ಟ, ಈ ಮೂರೂ ಹಾಗೆಯೇ ಅನ್ವಯಿಸುತ್ತವೆ. ಫೋನಿನ ಮುಖ್ಯ ಲೆನ್ಸ್ ಸಾಕಷ್ಟು ಅಗಲದ ನೋಟ ಕೊಡುವುದರಿಂದ ಚೌಕಟ್ಟು ತುಂಬಿಸಲು ನಾವು ಅರಿವಿಲ್ಲದೆ ಮುಖದ ಹತ್ತಿರ ಹೋಗುತ್ತೇವೆ, ಮೂಗು ಅಲ್ಲಿ ದೊಡ್ಡದಾಗುತ್ತದೆ. ಎರಡು ಪಟ್ಟು ಜೂಮ್ ಒತ್ತಿ ಹಿಂದೆ ಸರಿಯಿರಿ. ರಾತ್ರಿಯ ಬಗೆಯನ್ನು ಮಕ್ಕಳಿಗೆ ಬಳಸಬೇಡಿ, ಅದು ದೀರ್ಘ ಸಮಯದ ಬೆಳಕನ್ನು ಕೂಡಿಸುವುದರಿಂದ ನಿಶ್ಚಲ ವಸ್ತುಗಳಿಗಷ್ಟೇ ಒಳ್ಳೆಯದು. ಹಿನ್ನೆಲೆಯನ್ನು ತಂತ್ರಾಂಶದಿಂದ ಮಸುಕಾಗಿಸುವ ಪೋರ್ಟ್ರೇಟ್ ಬಗೆ ಕೆದರಿದ ಕೂದಲಿನ ಅಂಚಿನಲ್ಲಿ ತಪ್ಪುತ್ತದೆ, ಕೆಲವೊಮ್ಮೆ ಕಿವಿಯನ್ನೂ ಹಿನ್ನೆಲೆ ಎಂದುಕೊಳ್ಳುತ್ತದೆ. ಪರದೆಯ ಮೇಲೆ ಮುಖವನ್ನು ಒತ್ತಿಹಿಡಿದರೆ ಬಹುತೇಕ ಫೋನ್‌ಗಳಲ್ಲಿ ಫೋಕಸ್ ಮತ್ತು ಬೆಳಕಿನ ಮಟ್ಟ ಅಲ್ಲೇ ನಿಲ್ಲುತ್ತವೆ. ಎಲ್ಲಕ್ಕಿಂತ ಮೊದಲು ಲೆನ್ಸನ್ನು ಒರೆಸಿ. ಮಕ್ಕಳಿರುವ ಮನೆಯ ಫೋನಿನ ಲೆನ್ಸ್ ಮೇಲೆ ಯಾವಾಗಲೂ ಒಂದು ಪುಟ್ಟ ಹೆಬ್ಬೆರಳಿನ ಗುರುತು ಇದ್ದೇ ಇರುತ್ತದೆ.

ಹಳೆರೀಲು

ಸ್ಟುಡಿಯೋ ಕೆಲಸದಿಂದ ನಿವೃತ್ತನಾದವನು ನಾನು. ಅಂಕಿಗಳ ವಿಷಯವನ್ನು ಮೇಲಿನವರು ನನಗಿಂತ ಚೆನ್ನಾಗಿ ಹೇಳಿದ್ದಾರೆ, ಹಲ್ಲು ಕಿರಿಯುವ ಮಗಳ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಗಾಜಿನ ತಟ್ಟೆಗೆ ಕೊಲೋಡಿಯನ್ ಎಂಬ ಅಂಟುದ್ರಾವಣ ಸವರಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆಯುವ ವಿಧಾನ 1851ರಲ್ಲಿ ಬಂತು. ಆಗ ಒಂದು ಚಿತ್ರಕ್ಕೆ ಹಲವು ಸೆಕೆಂಡು ಅಲುಗದೆ ಇರಬೇಕಿತ್ತು. ಕೂಸುಗಳು ಇರುತ್ತವೆಯೇ? ಅದಕ್ಕಾಗಿ ತಾಯಿಯ ಮೇಲೆ ಬಟ್ಟೆ ಹೊದಿಸಿ, ಅವಳನ್ನೇ ಕುರ್ಚಿಯಂತೆ ಕೂರಿಸಿ, ಅವಳ ತೊಡೆಯ ಮೇಲೆ ಮಗುವನ್ನಿಟ್ಟು ತೆಗೆಯುತ್ತಿದ್ದರು. ಆ ಕಾಲದ ಚಿತ್ರಗಳಲ್ಲಿ ಮಗುವಿನ ಹಿಂದೆ ಮನುಷ್ಯಾಕಾರದ ಬಟ್ಟೆಯ ಗುಪ್ಪೆ ಇಂದಿಗೂ ಕಾಣಸಿಗುತ್ತದೆ. ಬ್ರಿಟಿಷ್ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ 1863ರ ಕೊನೆಯಲ್ಲಿ, ತಮ್ಮ 48ನೇ ವಯಸ್ಸಿನಲ್ಲಿ, ಮಗಳು ಮತ್ತು ಅಳಿಯ ಕೊಟ್ಟ ಕ್ಯಾಮೆರಾದಿಂದ ಕಲಿಯಲು ತೊಡಗಿ, ಮರುವರ್ಷದ ಜನವರಿಯಲ್ಲಿ ತೆಗೆದ ಒಬ್ಬ ಬಾಲಕಿಯ ಚಿತ್ರವನ್ನು ತಮ್ಮ ಮೊದಲ ಯಶಸ್ಸು ಎಂದು ಕರೆದುಕೊಂಡರು. ಆ ಹುಡುಗಿ ನಗುತ್ತಿಲ್ಲ, ಕ್ಯಾಮೆರಾವನ್ನು ನೋಡುತ್ತಲೂ ಇಲ್ಲ. ಆದರೂ ಆ ಮುಖವನ್ನು ಮತ್ತೆ ಮತ್ತೆ ನೋಡಬೇಕೆನಿಸುತ್ತದೆ. ಭಾವಚಿತ್ರವೆಂದರೆ ನಗುವ ಚಿತ್ರ ಎಂಬ ನಂಬಿಕೆಯನ್ನು ಮೊದಲು ಬಿಡಿ ಎಂದು ಹೇಳಲು ಇಷ್ಟು ಹಿಂದಕ್ಕೆ ಹೋದೆ.

ನಗು ಬೇಕೇ ಬೇಕೆಂದಾದರೆ ಅದನ್ನು ಕೇಳಿ ಪಡೆಯಲಾಗದು. ಫ್ರೆಂಚ್ ವೈದ್ಯ ಡುಶೆನ್ 1862ರಲ್ಲೇ ಬರೆದಂತೆ, ನಿಜವಾದ ನಗುವಿನಲ್ಲಿ ಕೆನ್ನೆಯ ಸ್ನಾಯುವಿನ ಜೊತೆ ಕಣ್ಣಿನ ಸುತ್ತಲಿನ ಸ್ನಾಯುವೂ ಕೆಲಸ ಮಾಡುತ್ತದೆ, ಅದು ನಮ್ಮ ಅಪ್ಪಣೆಗೆ ಸುಲಭವಾಗಿ ಬಗ್ಗುವುದಿಲ್ಲ. "ನಗು ಪುಟ್ಟಿ" ಎಂದಾಗ ನಿಮ್ಮ ಮಗಳು ತನ್ನ ಅಪ್ಪಣೆಗೆ ಒಳಪಟ್ಟ ಸ್ನಾಯುವನ್ನು ಮಾತ್ರ ಎಳೆಯುತ್ತಾಳೆ, ಪಾಪ, ನೀವು ಕೇಳಿದ್ದನ್ನೇ ಕೊಡುತ್ತಾಳೆ. ನಾಲ್ಕು ವರ್ಷದವಳಿಗೆ ನಾನಾದರೆ, "ಈ ಗಾಜಿನೊಳಗೆ ಒಬ್ಬಳು ಚಿಕ್ಕ ಹುಡುಗಿ ಇದ್ದಾಳೆ, ಕಾಣಿಸುತ್ತಾಳೆಯೇ ನೋಡು" ಎನ್ನುತ್ತೇನೆ. ಲೆನ್ಸಿನ ಮುಂಗಾಜಿನಲ್ಲಿ ತನ್ನದೇ ಬಿಂಬವನ್ನು ಹುಡುಕುವಾಗ ಕಣ್ಣು ನೇರವಾಗಿ ಲೆನ್ಸಿನೊಳಗೆ ಬರುತ್ತದೆ, ಕುತೂಹಲದಿಂದ ತುಟಿ ತುಸು ಬಿಚ್ಚಿರುತ್ತದೆ. ಇಲ್ಲವೇ ಪಿಸುಮಾತಿನಲ್ಲಿ ಒಂದು ಗುಟ್ಟು ಹೇಳಿ, ಅದನ್ನು ತಮ್ಮನ ಕಿವಿಯಲ್ಲಿ ಹೇಳಲು ಕಳಿಸಿ. ಇಬ್ಬರ ಮುಖಗಳೂ ತಾವಾಗಿ ಒಂದೇ ಅಂತರಕ್ಕೆ ಬರುತ್ತವೆ, ನಿಮ್ಮ ಎಫ್ 4ರ ಸಮಸ್ಯೆಯೂ ಅರ್ಧ ಬಗೆಹರಿಯುತ್ತದೆ. ನಗು ಬಂದಾಗ ಒಂದು ಚಿತ್ರ ತೆಗೆದು ಕ್ಯಾಮೆರಾ ಇಳಿಸಬೇಡಿ. ನಗು ಇಳಿದು ಮುಖ ಸಡಿಲವಾಗುವ ಆ ಮುಂದಿನ ಎರಡು ಕ್ಷಣಗಳಲ್ಲಿಯೇ ನನ್ನ ಒಳ್ಳೆಯ ಚಿತ್ರಗಳೆಲ್ಲ ಸಿಕ್ಕಿವೆ.

ಮಗನಿಗೆ ಲೆನ್ಸ್ ಬೇಕಾದರೆ ಲೆನ್ಸಿನ ಮುಚ್ಚಳವನ್ನು ಅವನ ಕೈಗೆ ಕೊಟ್ಟುಬಿಡಿ. ಅದನ್ನು ತಿರುಗಿಸಿ ಪರೀಕ್ಷಿಸುವಾಗ ಹುಬ್ಬುಗಂಟಿಕ್ಕುವ ಮುಖಕ್ಕಿಂತ ಗಂಭೀರವಾದ ಭಾವಚಿತ್ರ ಇನ್ನೊಂದಿಲ್ಲ. ಮುಚ್ಚಳ ಬಾಯಿಗೆ ಹೋಗದಂತೆ ಪಕ್ಕದಲ್ಲಿ ಒಬ್ಬರಿರಲಿ.

ಹೊಸಪಾಪು

ನಮ್ಮದು ಎರಡು ತಿಂಗಳ ಕೂಸು, ಗುಟ್ಟೂ ಇಲ್ಲ, ಮುಚ್ಚಳವೂ ಇಲ್ಲ. ನಮಗೇನಾದರೂ ಹೇಳುವಿರಾ?

ಹಳೆರೀಲು

ನವಜಾತ ಶಿಶುವಿಗೆ ಸುಮಾರು 20ರಿಂದ 30 ಸೆಂ.ಮೀ. ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ, ನಿಮ್ಮ ಕೂಸು ಈಗಷ್ಟೇ ಅದನ್ನು ದಾಟುತ್ತಿದೆ. ಮುಖ ನೋಡಿ ನಗುವುದು ಆರರಿಂದ ಎಂಟು ವಾರಗಳ ಹೊತ್ತಿಗೆ ಶುರುವಾಗುವುದರಿಂದ ನೀವು ಒಳ್ಳೆಯ ಹೊತ್ತಿನಲ್ಲಿದ್ದೀರಿ. ಒಬ್ಬರು ಹತ್ತಿರದಿಂದ ಮಾತಾಡಿಸಲಿ, ಇನ್ನೊಬ್ಬರು ಅವರ ಭುಜದ ಪಕ್ಕದಿಂದ ತೆಗೆಯಲಿ. ಹಾಸಿಗೆಯ ಮೇಲೆ ಮಲಗಿಸುವಾಗ ಕಿಟಕಿಯ ಬೆಳಕು ನೆತ್ತಿಯ ಕಡೆಯಿಂದ ಅಥವಾ ಪಕ್ಕದಿಂದ ಬರಲಿ. ಪಾದದ ಕಡೆಯಿಂದ ಬಂದರೆ ಬೆಳಕು ಗಲ್ಲದಿಂದ ಮೇಲಕ್ಕೇರಿ, ದೀಪವನ್ನು ಮುಖದ ಕೆಳಗೆ ಹಿಡಿದಂತೆ ವಿಕಾರವಾಗುತ್ತದೆ. ಮಗುವಿನ ಮೇಲೆ ಬಾಗಿ ತೆಗೆಯುವಾಗ ಕ್ಯಾಮೆರಾದ ಪಟ್ಟಿ ಕಡ್ಡಾಯವಾಗಿ ಕೊರಳಲ್ಲಿರಬೇಕು. ಇದರಲ್ಲಿ ರಿಯಾಯಿತಿ ಬೇಡ.

ಅವಳಿಗಳಪ್ಪ

ಒಂದು ಚಿಕ್ಕ ಮಾತು ಸೇರಿಸುತ್ತೇನೆ. ಚಿತ್ರದ ಕಡತದೊಳಗೆ ತೆಗೆದ ಸ್ಥಳದ ಅಕ್ಷಾಂಶ-ರೇಖಾಂಶಗಳು ದಾಖಲಾಗಿರಬಹುದು, ಫೋನಿನಲ್ಲಂತೂ ಇದು ಸಾಮಾನ್ಯ. ಮನೆಯಲ್ಲಿ ತೆಗೆದ ಮಕ್ಕಳ ಚಿತ್ರವನ್ನು ಹೊರಗೆ ಹಂಚುವ ಮೊದಲು ಅದನ್ನು ತೆಗೆದುಹಾಕಿ. ಸ್ನಾನದ ಚಿತ್ರಗಳನ್ನು ಹಂಚಲೇಬೇಡಿ.

ಇಬ್ಬರಮ್ಮ

ಮೂರು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದಗಳು. ಮೊದಲ ವಾರ ಏನೂ ಆಗಲಿಲ್ಲ, ಏಕೆಂದರೆ ಶಟರ್ ಮಿತಿ ಹಾಕಿದ ಮೇಲೂ ನಾನು ಸಂಜೆಯೇ ತೆಗೆಯುತ್ತಿದ್ದೆ. ಎರಡನೆಯ ವಾರ ಬೊಂಬೆಯನ್ನು ಕೂರಿಸಿ ಮನೆಯ ನಾಲ್ಕೂ ಕಿಟಕಿಗಳನ್ನು ಪರೀಕ್ಷಿಸಿದೆ. ನಾನು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ, ಬಟ್ಟೆ ಮಡಚುವ ಚಿಕ್ಕ ಕೋಣೆಯ ಕಿಟಕಿಯೇ ಎಲ್ಲಕ್ಕಿಂತ ಒಳ್ಳೆಯದೆಂದು ಗೊತ್ತಾಯಿತು. ಮಗನ ಬುಟ್ಟಿ ಈಗ ಅಲ್ಲಿದೆ. ಕಳೆದ ಶನಿವಾರ ಬೆಳಿಗ್ಗೆ ಒಟ್ಟು 212 ಚಿತ್ರಗಳನ್ನು ತೆಗೆದು 9 ಉಳಿಸಿಕೊಂಡಿದ್ದೇನೆ. ಅಷ್ಟನ್ನು ಅಳಿಸುವುದಕ್ಕೆ ಮನಸ್ಸು ಬರಲಿಲ್ಲವಾದರೂ, ಕಣ್ಣು ಸ್ಪಷ್ಟವಿಲ್ಲದವುಗಳನ್ನು ಮೊದಲ ಸುತ್ತಿನಲ್ಲೇ ತೆಗೆದುಬಿಟ್ಟಿದ್ದರಿಂದ ಮುಂದಿನದು ಸುಲಭವಾಯಿತು.

ಗಾಜಿನೊಳಗಿನ ಹುಡುಗಿಯ ಉಪಾಯ ಎರಡು ಸಲ ಮಾತ್ರ ನಡೆಯಿತು. ಮೂರನೆಯ ಸಲ ಮಗಳು, "ಅದು ನಾನೇ ಅಮ್ಮ, ನಂಗೊತ್ತು" ಎಂದು ಎದ್ದು ಹೋದಳು. ಆದರೆ ಆ ಎರಡು ಸಲದ್ದರಲ್ಲಿ ಒಂದನ್ನು ಮುದ್ರಿಸಿ ಗೋಡೆಗೆ ಹಾಕಿದ್ದೇವೆ, ಅದರಲ್ಲಿ ಅವಳು ನಗುತ್ತಿಲ್ಲ. ಮುಚ್ಚಳ ಹಿಡಿದ ಮಗನ ಚಿತ್ರವೂ ಚೆನ್ನಾಗಿ ಬಂದಿದೆ, ಗಲ್ಲದ ಕೆಳಗೆ ಮತ್ತು ಕುತ್ತಿಗೆಯ ಮೇಲೆ ವಿಚಿತ್ರವಾದ ಹಸಿರು ಛಾಯೆ ಇರುವುದೊಂದನ್ನು ಬಿಟ್ಟರೆ. ವೈಟ್ ಬ್ಯಾಲೆನ್ಸ್ (ಯಾವುದನ್ನು ಬಿಳಿ ಎಂದುಕೊಳ್ಳಬೇಕೆಂಬ ಹೊಂದಿಕೆ) ತಿದ್ದಿದರೆ ಹಣೆ ಗುಲಾಬಿಯಾಗುತ್ತದೆ, ಹಸಿರು ಪೂರ್ತಿ ಹೋಗುವುದಿಲ್ಲ. ಇದೇನು?

ಕಿಟಕಿಪಕ್ಕ

ಅವನು ಕೂತಿರುವ ಚಾಪೆ ಹಸಿರು ಬಣ್ಣದ್ದಿರಬೇಕು. ಕಿಟಕಿಯ ಬೆಳಕು ಅದಕ್ಕೆ ಬಡಿದು, ಅದರ ಬಣ್ಣ ಹೊತ್ತು ಕೆಳಗಿನಿಂದ ಗಲ್ಲಕ್ಕೆ ಬರುತ್ತದೆ. ಹುಲ್ಲಿನ ಮೇಲೆ ಕೂತವರಿಗೂ ಕಡುಗೆಂಪು ಅಂಗಿ ತೊಟ್ಟವರಿಗೂ ಹೀಗೆಯೇ ಆಗುತ್ತದೆ. ವೈಟ್ ಬ್ಯಾಲೆನ್ಸ್ ಇಡೀ ಚಿತ್ರವನ್ನು ಒಟ್ಟಿಗೆ ತಿದ್ದುವುದರಿಂದ ಗಲ್ಲಕ್ಕೆ ಕೊಟ್ಟ ಮದ್ದು ಹಣೆಗೂ ತಗಲುತ್ತದೆ. ಚಾಪೆಯ ಮೇಲೆ ಬಿಳಿ ಹೊದಿಕೆ ಹಾಸಿ, ಬಣ್ಣ ಹೋಗುವುದರ ಜೊತೆಗೆ ಕೆಳಗಿನಿಂದ ಒಳ್ಳೆಯ ಬಿಳಿ ಬೆಳಕೂ ಸಿಗುತ್ತದೆ.

ಇಬ್ಬರಮ್ಮ

ಹೌದು, ಚಾಪೆ ಹಸಿರೇ. ಇಂದು ಬೆಳಿಗ್ಗೆ ಹೊದಿಕೆ ಹಾಸಿ ನೋಡಿದೆ, ಬೊಂಬೆಯ ಗಲ್ಲ ಬೆಳ್ಳಗೆ ಬಂತು. ಮಗ ಬಂದವನೇ ಹೊದಿಕೆಯನ್ನು ಎಳೆದು ಆಚೆ ಬಿಸಾಡಿ ತನ್ನ ಚಾಪೆಯ ಮೇಲೆ ಕೂತ. ಆ ಮುಚ್ಚಳದ ಚಿತ್ರವನ್ನು ಸದ್ಯಕ್ಕೆ ಕಪ್ಪು-ಬಿಳುಪು ಮಾಡಿದ್ದೇನೆ.